ಬಶೊ, ಬಶೋ: ಒಂದು ಮಾತ್ರೆಯ ದೂರ

ಕಳೆದ ನವೆಂಬರಿನಲ್ಲಿ ನಮ್ಮ ಬಡಾವಣೆಯ ರಾಜ್ಯೋತ್ಸವದ ಸಂಜೆ ಮಕ್ಕಳಿಗೆಂದು ರಸಪ್ರಶ್ನೆ ಏರ್ಪಡಿಸಿದ್ದರು. ಕೊನೆಯ ಸುತ್ತಿನಲ್ಲಿ ಒಂದು ಪ್ರಶ್ನೆ ಬಂತು: ಹೈಕು ಕಾವ್ಯಕ್ಕೂ ಸುಮೋ ಕುಸ್ತಿಗೂ ಸಂಬಂಧಿಸಿದ ಜಪಾನಿ ಪದ ಯಾವುದು? ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕ್ಷಣವೂ ತಡಮಾಡದೆ ‘ಬಾಶೊ’ ಎಂದಳು. ಹೈಕುವಿನ ಮಹಾಕವಿಯ ಹೆಸರು ಅದು, ಸುಮೋ ಪಂದ್ಯಾವಳಿಯನ್ನು ಕರೆಯುವ ಹೆಸರೂ ಅದೇ ಎಂದು ವಿವರಿಸಿ ಅವಳಿಗೆ ಹತ್ತು ಅಂಕ ಕೊಟ್ಟರು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅವಳು ಅಷ್ಟು ಓದಿಕೊಂಡಿದ್ದಾಳಲ್ಲ ಎಂದು ನನಗೆ ನಿಜಕ್ಕೂ ಸಂತೋಷವಾಯಿತು, ಎಲ್ಲರೊಂದಿಗೆ ನಾನೂ ಚಪ್ಪಾಳೆ ತಟ್ಟಿದೆ. ಆದರೆ ಅಂದಿನಿಂದ ಆ ಉತ್ತರ ನನ್ನನ್ನು ಬಿಟ್ಟಿಲ್ಲ. ಅವು ಒಂದೇ ಪದವಲ್ಲ. ಪಂದ್ಯಾವಳಿ ‘ಬಶೊ’, ಕವಿ ‘ಬಶೋ’. ಎರಡರಲ್ಲೂ ಮೊದಲ ಅಕ್ಷರ ಹ್ರಸ್ವ. ವ್ಯತ್ಯಾಸವಿರುವುದು ಕೊನೆಯ ಸ್ವರದ ಉದ್ದದಲ್ಲಿ ಮಾತ್ರ. ಇಂಗ್ಲಿಷಿನ ಐದು ಅಕ್ಷರಗಳಲ್ಲಿ ಬರೆದಾಗ ಆ ಉದ್ದ ಕಾಣೆಯಾಗುತ್ತದೆ, ಎರಡು ಪದಗಳು ಒಂದಾಗಿಬಿಡುತ್ತವೆ. ಇಂಗ್ಲಿಷಿನ ಮೂಲಕ ಜಪಾನನ್ನು ಓದುವ ನಾವು ಆ ಕಾಣೆಯಾದುದನ್ನು ಕಾಣೆಯಾದಂತೆಯೇ ಕನ್ನಡಕ್ಕೆ ತರುತ್ತೇವೆ. ಒ ಮತ್ತು ಓ ಎಂಬ ಎರಡು ಅಕ್ಷರಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡಿರುವ ಭಾಷೆಯಲ್ಲಿ ಹೀಗಾಗುತ್ತದಲ್ಲ ಎಂಬುದು ನನ್ನ ಕೊರಗು.

‘ಬಾಶೊ’ ಎಂದು ಬರೆದಾಗ ಒಂದು ವಿಚಿತ್ರ ನಡೆಯುತ್ತದೆ. ಅದನ್ನು ಮಾತ್ರೆಯಲ್ಲಿ ಎಣಿಸಿದರೆ ಗುರುವೊಂದು, ಲಘುವೊಂದು, ಒಟ್ಟು ಮೂರು. ಕವಿಯ ಹೆಸರಿಗೂ ಮೂರೇ ಮಾತ್ರೆ, ಆದರೆ ಲಘು ಮೊದಲು, ಗುರು ಆಮೇಲೆ. ಲೆಕ್ಕವೇನೋ ಸರಿಹೋಗುತ್ತದೆ, ಭಾರ ಮಾತ್ರ ತಪ್ಪು ಜಾಗದಲ್ಲಿ ಕುಳಿತಿರುತ್ತದೆ.

ಮೂರು ಬೆರಳು

ಈ ಭೇದವನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಕೆಲವು ವರ್ಷಗಳ ಹಿಂದೆ ಕೆಲಸದ ಮೇಲೆ ಟೋಕಿಯೊದಲ್ಲಿ ಮೂರು ತಿಂಗಳು ಇದ್ದೆ. ಅದು ಮೇ ತಿಂಗಳು, ಬೇಸಗೆಯ ಪಂದ್ಯಾವಳಿ ನಡೆಯುತ್ತಿತ್ತು. ಒಂದು ಶನಿವಾರ ಬೆಳಿಗ್ಗೆ ರ್‍ಯೋಗೊಕುವಿನ ಕೊಕುಗಿಕನ್ ಎಂಬ ಸುಮೋ ಮಂದಿರಕ್ಕೆ ಹೋದರೆ ಟಿಕೆಟ್ಟುಗಳೆಲ್ಲ ಮುಗಿದಿದ್ದವು. ಹೊರಗೆ ಮಲ್ಲರ ಹೆಸರು ಬರೆದ ಬಣ್ಣಬಣ್ಣದ ಉದ್ದನೆಯ ಬಾವುಟಗಳು ಸಾಲಾಗಿ ಗಾಳಿಗೆ ಪಟಪಟಿಸುತ್ತಿದ್ದವು, ಎತ್ತರದ ಅಟ್ಟಣೆಯ ಮೇಲಿನಿಂದ ನಗಾರಿಯ ಸದ್ದು ಬರುತ್ತಿತ್ತು. ನಿಲುವಂಗಿ ಉಟ್ಟು ಕೂದಲನ್ನು ಎಣ್ಣೆ ಹಚ್ಚಿ ಗಂಟುಹಾಕಿದ ಕಿರಿಯ ಮಲ್ಲರು ರೈಲು ನಿಲ್ದಾಣದಿಂದ ನಡೆದುಕೊಂಡೇ ಬರುತ್ತಿದ್ದರು. ಬಹಳ ಹೊತ್ತು ಅದನ್ನೆಲ್ಲ ನೋಡುತ್ತ ನಿಂತಿದ್ದು, ಬಳಿಕ ಸುಮಿದ ನದಿಯ ದಿಕ್ಕನ್ನು ಹಿಡಿದು ದಕ್ಷಿಣಕ್ಕೆ ನಡೆದೆ. ಕವಿಯ ಗುಡಿಸಲು ಇದ್ದ ಜಾಗ ಅಲ್ಲಿಂದ ದೂರವಿಲ್ಲ, ಅಲ್ಲೊಂದು ಸ್ಮಾರಕ ಭವನವಿದೆ ಎಂದು ಓದಿದ್ದೆ.

ಮೊರಿಶಿತ ಎಂಬಲ್ಲಿ ದಾರಿ ತಪ್ಪಿತು. ಅಂಗಡಿಯ ಮುಂದೆ ನೀರು ಚಿಮುಕಿಸುತ್ತಿದ್ದ ಒಬ್ಬ ಹಿರಿಯರನ್ನು ನನಗೆ ಬರುತ್ತಿದ್ದ ಅಲ್ಪಸ್ವಲ್ಪ ಜಪಾನಿಯಲ್ಲಿ ಕೇಳಿದೆ: ‘ಸುಮಿಮಸೆನ್, ಬಶೊ ವ ದೊಕೊ ದೆಸ್ ಕ?’ ಅವರು ಸೌಜನ್ಯದಿಂದಲೇ ಮರುಪ್ರಶ್ನೆ ಹಾಕಿದರು: ‘ನನ್ ನೊ ಬಶೊ?’ ನಾನು ಕೇಳಿದ್ದು ‘ಜಾಗ ಎಲ್ಲಿದೆ’ ಎಂದು. ಅವರು ಕೇಳಿದ್ದು ‘ಯಾವ ಜಾಗ’ ಎಂದು. ಬಶೊ ಎಂದರೆ ಸ್ಥಳ. ಬ ಎಂದರೂ ಎಡೆ, ಶೊ ಎಂದರೂ ಎಡೆ. ಆ ದಿನನಿತ್ಯದ ಪದವನ್ನೇ ಸುಮೋದವರು ತಮ್ಮ ಪಂದ್ಯಾವಳಿಗೂ ಇಟ್ಟುಕೊಂಡಿದ್ದಾರೆ. ನಾನು ಅದನ್ನರಿಯದೆ ‘ಹೈಕು ನೊ ಬಶೊ’ ಎಂದು ತಿದ್ದಿದೆ. ಅದು ‘ಹೈಕುವಿನ ಜಾಗ’ ಎಂದಾಯಿತು. ಅವರು ಇನ್ನಷ್ಟು ಯೋಚಿಸಿ, ನಾನು ಪಂದ್ಯ ನೋಡಲು ಬಂದವನಿರಬೇಕೆಂದುಕೊಂಡು, ನಾನು ಬಂದ ದಿಕ್ಕಿನ ಕಡೆಗೇ ಕೈ ತೋರಿಸಿದರು. ಕೊನೆಗೆ ‘ಮತ್ಸುಒ’ ಎಂದು ಕವಿಯ ಮನೆತನದ ಹೆಸರನ್ನು ಹೇಳಿದಾಗ ಅವರ ಮುಖ ಅರಳಿತು. ‘ಬ, ಶೊ, ಒ’ ಎನ್ನುತ್ತ ಒಂದೊಂದು ಅಕ್ಷರಕ್ಕೆ ಒಂದೊಂದು ಬೆರಳು ಮಡಚಿ ಮೂರನ್ನು ತೋರಿಸಿದರು. ಆಮೇಲೆ ಇನ್ನೊಂದು ಕೈಯಲ್ಲಿ ‘ಬ, ಶೊ’ ಎಂದು ಎರಡೇ ಬೆರಳು ಮಡಚಿ ತಲೆಯಾಡಿಸಿದರು: ಇದಲ್ಲ, ಅದು.

ಆ ಬೆರಳುಗಳನ್ನು ನೋಡಿ ನನಗೆ ನೆನಪಾದದ್ದು ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು. ಪದ್ಯಕ್ಕೆ ಪ್ರಸ್ತಾರ ಹಾಕಿಸುವಾಗ ಅವರು ಕಪ್ಪು ಹಲಗೆಗಿಂತ ಹೆಚ್ಚಾಗಿ ಬೆರಳನ್ನೇ ನೆಚ್ಚಿಕೊಂಡಿದ್ದರು. ಲಘುವಿಗೆ ಒಂದು ಬೆರಳು, ಗುರುವಿಗೆ ಎರಡು. ಒಮ್ಮೆ ಭಾಮಿನಿ ಷಟ್ಪದಿಯನ್ನು ಓದುವಾಗ ನಾನು ‘ಕೊಳ’ ಎಂಬುದನ್ನು ರಾಗದ ಭರದಲ್ಲಿ ‘ಕೋಳ’ ಎಂದು ಎಳೆದೆ. ಅವರು ಪುಸ್ತಕ ಮುಚ್ಚಿ, ‘ಕೊಳಕ್ಕೂ ಕೋಳಕ್ಕೂ ಒಂದೇ ಮಾತ್ರೆ ಕಣಯ್ಯಾ ದೂರ. ಒಂದರಲ್ಲಿ ಈಜ್ತೀಯ, ಇನ್ನೊಂದರಲ್ಲಿ ಕೈ ಸಿಕ್ಕಿಸಿಕೊಳ್ತೀಯ’ ಎಂದಿದ್ದರು. ಒಲೆ ಮತ್ತು ಓಲೆ, ಮೊರೆ ಮತ್ತು ಮೋರೆ, ಕೊಡು ಮತ್ತು ಕೋಡು: ಇವುಗಳಲ್ಲಿ ಒಂದನ್ನು ಇನ್ನೊಂದೆಂದು ಕೇಳಿದರೆ ನಮಗೆ ಹೇಗಾಗುತ್ತದೋ ಮೊರಿಶಿತದ ಆ ಹಿರಿಯರಿಗೆ ನನ್ನ ಪ್ರಶ್ನೆಯಿಂದ ಹಾಗೆಯೇ ಆಗಿತ್ತು. ಜಪಾನೀಯರಿಗೆ ಇವೆರಡು ಪದಗಳು ಹತ್ತಿರದವು ಎಂದೇ ಅನ್ನಿಸುವುದಿಲ್ಲ. ಬರೆಯುವ ಚಿತ್ರಲಿಪಿಗಳೂ ಬೇರೆ: ಪಂದ್ಯಾವಳಿಯ ಪದದಲ್ಲಿ ಮಣ್ಣಿನ ಗುರುತಿದೆ, ಕವಿಯ ಹೆಸರಿನ ಎರಡೂ ಅಕ್ಷರಗಳ ತಲೆಯ ಮೇಲೆ ಹುಲ್ಲಿನ ಗುರುತಿದೆ. ಕವಿ ತನ್ನ ಹೆಸರನ್ನು ಕನ ಎಂಬ ಉಚ್ಚಾರದ ಲಿಪಿಯಲ್ಲಿ ಅಂಕಿತ ಹಾಕುವಾಗ ಅಂದಿನ ರೂಢಿಯಂತೆ ‘ಹ, ಸೆ, ವೊ’ ಎಂಬ ಮೂರು ಅಕ್ಷರಗಳನ್ನು ಬರೆಯುತ್ತಿದ್ದ ಎಂಬುದನ್ನು ಆಮೇಲೆ ತಿಳಿದುಕೊಂಡೆ. ಅಲ್ಲಿಯೂ ಮೂರು, ಬೆರಳಿಗೊಂದರಂತೆ.

ಒಂದೇ ದಂಡೆ

ಪದಗಳು ಬೇರೆಯಾದರೂ ಅವೆರಡರ ಊರು ಒಂದೇ ಎಂಬುದು ರಸಪ್ರಶ್ನೆಯ ಉತ್ತರಕ್ಕಿಂತ ಎಷ್ಟೋ ಸೊಗಸಾದ ಸಂಗತಿ. 1644ರಲ್ಲಿ ಇಗ ಪ್ರಾಂತದ ಉಎನೊದಲ್ಲಿ ಹುಟ್ಟಿದ ಮತ್ಸುಒ, ಈಗ ಟೋಕಿಯೊ ಎನಿಸಿಕೊಂಡಿರುವ ಎದೊ ನಗರದ ನಡುಭಾಗದಲ್ಲಿ ಕಾವ್ಯಗುರುವಾಗಿ ಹೆಸರು ಮಾಡಿ, 1680ರ ಚಳಿಗಾಲದಲ್ಲಿ ಎಲ್ಲವನ್ನೂ ಬಿಟ್ಟು ಸುಮಿದ ನದಿಯ ಆಚೆ ದಂಡೆಯ ಫುಕಗವದ ಗುಡಿಸಲಿಗೆ ಬಂದ. ಆಗ ಅವನ ಕಾವ್ಯನಾಮ ‘ತೋಸೆಇ’, ಎಂದರೆ ಎಳೆಯ ಹಸಿರು ಪೀಚ್ ಹಣ್ಣು. ಮರುವರ್ಷ ಶಿಷ್ಯನೊಬ್ಬ ಗುಡಿಸಲಿನ ಪಕ್ಕದಲ್ಲಿ ನೆಡಲು ಒಂದು ಬಾಳೆಯ ಕಂದನ್ನು ತಂದುಕೊಟ್ಟ. ಅದು ಚೆನ್ನಾಗಿ ಹಬ್ಬಿತು. ಜನ ಆ ಮನೆಯನ್ನು ಬಾಳೆಯ ಗುಡಿಸಲು ಎಂದರು, ಒಳಗಿದ್ದವನನ್ನು ಬಶೋ ಎಂದರು, ಅಂದರೆ ಬಾಳೆ. ನಮಗೆ ಬಾಳೆ ಎಂದರೆ ಗೊನೆ, ಎಲೆ, ದಿಂಡು, ಹೂವು, ನಾರು. ಯಾವ ಭಾಗವನ್ನೂ ಎಸೆಯದ ಗಿಡ. ಜಪಾನಿನ ಚಳಿಯಲ್ಲಿ ಆ ಜಾತಿಯ ಬಾಳೆ ತಿನ್ನುವಂಥ ಹಣ್ಣು ಕೊಡುವುದಿಲ್ಲ. ಅದರ ನೆರಳಿನಲ್ಲಿ ಕಾಲ ಕಳೆಯುತ್ತೇನೆ, ಗಾಳಿಮಳೆಗೆ ಸುಲಭವಾಗಿ ಹರಿದುಹೋಗುವ ಅದರ ಸ್ವಭಾವವೇ ನನಗೆ ಇಷ್ಟ ಎಂಬ ಅರ್ಥದ ಮಾತನ್ನು ಅವನು 1692ರಲ್ಲಿ ಬರೆದಿದ್ದಾನೆ. ಹಿತ್ತಲಲ್ಲಿ ಬಾಳೆ ಬೆಳೆದುಕೊಂಡವರಿಗೆ ಆ ಹರಿದ ಎಲೆಯ ಸದ್ದನ್ನು ವಿವರಿಸಬೇಕಾಗಿಲ್ಲ.

ಅದೇ ಫುಕಗವದಲ್ಲಿ ತೊಮಿಒಕ ಹಚಿಮನ್ ದೇಗುಲವಿದೆ. ಗುಡಿಗಳ ಜೀರ್ಣೋದ್ಧಾರಕ್ಕೆ ಹಣ ಕೂಡಿಸಲೆಂದು ಸಾರ್ವಜನಿಕ ಸುಮೋ ನಡೆಸಲು ಎದೊದ ಆಡಳಿತ 1684ರಲ್ಲಿ ಅನುಮತಿ ಕೊಟ್ಟದ್ದು ಈ ದೇಗುಲದ ಆವರಣಕ್ಕೆ. ಎದೊ ಸುಮೋದ ತವರು ಎಂದು ಅದನ್ನು ಇಂದಿಗೂ ಕರೆಯುತ್ತಾರೆ. ಯೊಕೊಝುನ ಎಂಬ ಸುಮೋದ ಅತ್ಯುನ್ನತ ಪದವಿಗೇರಿದ ಮಲ್ಲರ ಹೆಸರುಗಳನ್ನು ಕೆತ್ತಿದ ಭಾರಿ ಕಲ್ಲು ಅಲ್ಲಿ ನಿಂತಿದೆ. 1682ರ ಕೊನೆಯ ದೊಡ್ಡ ಬೆಂಕಿಯಲ್ಲಿ ಸುಟ್ಟುಹೋಗಿದ್ದ ಕವಿಯ ಗುಡಿಸಲನ್ನು ಶಿಷ್ಯರು ಮತ್ತೆ ಕಟ್ಟಿಕೊಟ್ಟಿದ್ದರು. 1684ರ ಶರತ್ಕಾಲದಲ್ಲಿ ಅವನು ತನ್ನ ಮೊದಲ ದೊಡ್ಡ ಯಾತ್ರೆಗೆ ಅಲ್ಲಿಂದಲೇ ಹೊರಟ. ಕವಿ ಕುಸ್ತಿ ನೋಡಲು ಹೋಗಿದ್ದನೇ ಎಂದು ನಾನು ಊಹಿಸಲಾರೆ. ಆದರೆ ಒಂದೇ ಬಡಾವಣೆಯಲ್ಲಿ, ಒಂದೇ ದಶಕದಲ್ಲಿ, ಈ ಎರಡು ಪದಗಳು ಅಕ್ಕಪಕ್ಕದಲ್ಲಿ ಬಾಳಿದ್ದವು. ಸುಮೋ ಮುಂದೆ ನದಿಯ ಗುಂಟ ಮೇಲಕ್ಕೆ ಸರಿದು, 1833ರಿಂದ ರ್‍ಯೋಗೊಕುವಿನ ಎಕೋಇನ್ ದೇವಾಲಯದಲ್ಲಿ ನೆಲೆಸಿ, 1909ರಲ್ಲಿ ಸ್ವಂತ ಮಂದಿರ ಕಟ್ಟಿಕೊಂಡಿತು. ಈಗ ಓಎದೊ ಎಂಬ ನೆಲದಡಿಯ ರೈಲಿನಲ್ಲಿ ಕುಳಿತರೆ ರ್‍ಯೋಗೊಕುವಿನಲ್ಲಿ ಬಶೊ, ಮುಂದಿನ ನಿಲ್ದಾಣ ಮೊರಿಶಿತದಲ್ಲಿ ಬಶೋ, ಅಲ್ಲಿಂದ ಎರಡನೆಯ ನಿಲ್ದಾಣದಲ್ಲಿ ಹಚಿಮನ್ ದೇಗುಲ.

ಕವಿಗಳು ಬಳಸುವ ಋತುಪದಗಳ ಕೋಶವನ್ನು ಸೈಜಿಕಿ ಎನ್ನುತ್ತಾರೆ. ಹೈಕುವಿನಲ್ಲಿ ಬರುವ ಒಂದೊಂದು ವಸ್ತುವಿಗೂ ಅಲ್ಲಿ ಒಂದು ಋತು ನಿಗದಿಯಾಗಿದೆ. ಸುಮೋ ಶರತ್ಕಾಲದ ಪದ, ಏಕೆಂದರೆ ಹಿಂದೆ ಅರಮನೆಯಲ್ಲಿ ಚಾಂದ್ರಮಾನದ ಏಳನೆಯ ತಿಂಗಳಲ್ಲಿ ಮಲ್ಲಯುದ್ಧದ ಉತ್ಸವ ನಡೆಯುತ್ತಿತ್ತು, ಜಪಾನಿನ ಹಳೆಯ ಪಂಚಾಂಗದಲ್ಲಿ ಅದು ಶರತ್ಕಾಲದ ಆರಂಭ. 1958ರಿಂದ ವರ್ಷಕ್ಕೆ ಆರು ಪಂದ್ಯಾವಳಿಗಳು, ಒಂದೊಂದೂ ಹದಿನೈದು ದಿನ, ಬೆಸಸಂಖ್ಯೆಯ ತಿಂಗಳುಗಳಲ್ಲಿ ನಡೆಯುತ್ತಿದ್ದರೂ ಕೋಶದಲ್ಲಿ ಸುಮೋ ಶರತ್ಕಾಲವನ್ನು ಬಿಟ್ಟು ಕದಲಿಲ್ಲ. ಬಾಳೆಯೂ ಶರತ್ಕಾಲದ ಪದವೇ. ಹರಿದ ಬಾಳೆಗೆ ಅದೇ ಋತುವಿನ ಕೊನೆಯಲ್ಲಿ ಬೇರೆಯೇ ಒಂದು ನಮೂದಿದೆ.

ಎಣಿಕೆಯ ಮಾತು

ಒಂದು ಸ್ವರದ ಉದ್ದಕ್ಕೆ ಇಷ್ಟೇಕೆ ಹಟ ಎಂದು ಯಾರಾದರೂ ಕೇಳಿದರೆ ನಾನು ಹೈಕುವನ್ನೇ ಮುಂದಿಡುತ್ತೇನೆ. ಐದು, ಏಳು, ಐದು ಎಂದು ನಾವೆಲ್ಲ ಕಲಿತಿದ್ದೇವೆ. ಏನನ್ನು ಎಣಿಸಬೇಕು ಎಂಬಲ್ಲಿ ಎಡವಿದ್ದೇವೆ. ಇಂಗ್ಲಿಷಿನವರು ತಮ್ಮ ಭಾಷೆಯ ಉಚ್ಚಾರಕ್ಕೆ ಒಗ್ಗುವಂತೆ ಎಣಿಸಿದರು. ಅದನ್ನು ನೋಡಿ ನಾವು ಅಕ್ಷರಗಳನ್ನು ಎಣಿಸತೊಡಗಿದೆವು, ‘ಹಾ’ ಒಂದು, ‘ಹ’ ಒಂದು. ಜಪಾನಿಗಳು ಎಣಿಸುವುದು ಹಾಗಲ್ಲ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಪದದ ನಡುವೆ ಅಥವಾ ಕೊನೆಯಲ್ಲಿ ಬರುವ ನಕಾರಕ್ಕೆ ಒಂದು, ಒತ್ತಿಗೆ ಒಂದು. ಎಂದರೆ ನಮ್ಮ ಮಾತ್ರೆಯೇ. ‘ನಿಪ್ಪೊನ್’ ಎಂಬುದನ್ನು ಕನ್ನಡದಲ್ಲಿ ಪ್ರಸ್ತಾರ ಹಾಕಿ: ಗುರು, ಗುರು, ನಾಲ್ಕು ಮಾತ್ರೆ. ಜಪಾನಿಯಲ್ಲೂ ನಾಲ್ಕು. ಅಧಿಕೃತ ಪಂದ್ಯಾವಳಿಯನ್ನು ಅವರು ‘ಹೊಂಬಶೊ’ ಎನ್ನುತ್ತಾರೆ: ಗುರು, ಲಘು, ಲಘು, ನಾಲ್ಕು, ಅಲ್ಲಿಯೂ ನಾಲ್ಕು. ‘ಹೈಕು’ ಮೂರು, ಅಲ್ಲಿಯೂ ಮೂರು. ಕ್ಯೊ, ತ್ಸು ಮುಂತಾದ ಕೂಡಕ್ಷರಗಳು ಹಿಂದಿನ ಅಕ್ಷರವನ್ನು ಗುರುವಾಗಿಸುವುದಿಲ್ಲ ಎಂಬುದೊಂದೇ ನೆನಪಿಡಬೇಕಾದ ಅಪವಾದ. ಒತ್ತಕ್ಷರದ ಹಿಂದಿನ ಅಕ್ಷರವನ್ನೂ ಕೆಲವೆಡೆ ಲಘುವಾಗಿಯೇ ಎಣಿಸುವ ನಮ್ಮ ಶಿಥಿಲದ್ವಿತ್ವವನ್ನು ಬಲ್ಲವರಿಗೆ ಅದೂ ಹೊಸದಲ್ಲ.

ಎದೊ ಕಾಲದ ಕೊನೆಯ ಭಾಗದಲ್ಲಿ ವರ್ಷಕ್ಕೆ ಎರಡು ಬಾರಿ, ಒಂದೊಂದು ಬಾರಿಗೆ ಹತ್ತು ದಿನ ಸುಮೋ ನಡೆಯುತ್ತಿತ್ತು. ಆಗಿನ ಮಲ್ಲರನ್ನು ಕುರಿತು ಜನ ಆಡಿಕೊಳ್ಳುತ್ತಿದ್ದ ಒಂದು ಸೆನ್‌ರ್‍ಯೂ ಇದೆ. ಹೈಕುವಿನ ಅಳತೆಯೇ ಅದಕ್ಕೂ, ಋತುಪದದ ಕಟ್ಟು ಮಾತ್ರ ಇಲ್ಲ. ‘ಇ-ಚಿ-ನೆ-ನ್-ಒ, ಹ-ತ್ಸು-ಕ-ದೆ-ಕು-ರ-ಸು, ಇ-ಇ-ಒ-ತೊ-ಕೊ.’ ವರ್ಷವನ್ನು ಇಪ್ಪತ್ತೇ ದಿನದಲ್ಲಿ ಬಾಳಿ ಮುಗಿಸುವ ಸೊಗಸುಗಾರ ಎಂದು ಅರ್ಥ. ಮೊದಲ ಪಾದದ ನಕಾರಕ್ಕೆ ಒಂದು, ಕೊನೆಯ ಪಾದದ ದೀರ್ಘ ಈಕಾರಕ್ಕೆ ಎರಡು. ಇವನ್ನು ಎಣಿಸದಿದ್ದರೆ ಐದು ಎಲ್ಲಿಯೂ ಸಿಕ್ಕುವುದಿಲ್ಲ.

ಬಶೋ ಸ್ವತಃ ಸುಮೋವನ್ನು ಕುರಿತು ಬರೆದ ಒಂದು ಪದ್ಯವಿದೆ. ‘ಮುಕಶಿ ಕಿಕೆ, ಚಿಚಿಬು ದೊನೊ ಸಎ, ಸುಮೋತೊರಿ.’ ಹಿಂದಿನ ಕಥೆ ಕೇಳು, ಚಿಚಿಬು ದೊರೆಯಂಥವನೂ ಮಲ್ಲನೇ ಆಗಿದ್ದ. ಕಮಕುರ ಕಾಲದ ಹತಕೆಯಮ ಶಿಗೆತದ ಎಂಬ ಮಹಾಬಲಶಾಲಿ ಯೋಧನ ನೆನಪು ಅದು. ಕೊನೆಯ ಪಾದವನ್ನು ಎಣಿಸಿದರೆ ಸು, ಮೊ, ಒ, ತೊ, ರಿ, ಸರಿಯಾಗಿ ಐದು. ಮೋಕಾರವನ್ನು ಮೊಟಕುಗೊಳಿಸಿದರೆ ನಾಲ್ಕಾಗಿ ಪದ್ಯ ಕುಂಟುತ್ತದೆ. ಸುಮೋ ಎಂಬ ಪದವನ್ನು ಕನ್ನಡಿಗರು ದೀರ್ಘವಾಗಿಯೇ ಬರೆಯುತ್ತೇವೆ ಎಂಬುದು ನನಗೆ ಸಮಾಧಾನದ ವಿಷಯ. ಊರುಗಳ ಹೆಸರಿನಲ್ಲಿ ಆ ಸಮಾಧಾನವಿಲ್ಲ. ಮಾರ್ಚ್ ತಿಂಗಳ ಪಂದ್ಯಾವಳಿ ನಡೆಯುವ ಊರು, 1694ರಲ್ಲಿ ಬಶೋ ಕೊನೆಯುಸಿರೆಳೆದ ಊರು, ಓಸಕ. ಅಲ್ಲಿ ಮೊದಲ ಓಕಾರ ದೀರ್ಘ, ಉಳಿದೆರಡೂ ಹ್ರಸ್ವ. ನಮ್ಮ ಪತ್ರಿಕೆಗಳಲ್ಲಿ ‘ಒಸಾಕಾ’ ಎಂದು ಓದಿದಾಗಲೆಲ್ಲ ದೀರ್ಘವಿರಬೇಕಾದಲ್ಲಿ ಹ್ರಸ್ವ, ಹ್ರಸ್ವವಿರಬೇಕಾದಲ್ಲಿ ದೀರ್ಘ.

ನನಗೆ ತೀರ ಇಷ್ಟವಾದ ಸುಮೋ ಪದ್ಯ ಬುಸೊನನದು. 1716ರಿಂದ 1784ರ ತನಕ ಬದುಕಿದ್ದ ಈ ಕವಿ, ಚಿತ್ರಕಾರನೂ ಹೌದು, ಬಶೋವಿನ ಕಡೆಗೆ ಹಿಂತಿರುಗಬೇಕೆಂದು ಹಂಬಲಿಸಿ ಕ್ಯೋತೊದ ಕೊಂಪುಕುಜಿ ದೇವಾಲಯದಲ್ಲಿ ಆತನ ಹೆಸರಿನ ಗುಡಿಸಲನ್ನು ಮತ್ತೆ ಕಟ್ಟಿಸಿದವನು. ಸೋಲಬಾರದಾಗಿದ್ದ ಕುಸ್ತಿಯಲ್ಲಿ ಸೋತು ಬಂದ ಮಲ್ಲ ರಾತ್ರಿ ಹಾಸಿಗೆಯಲ್ಲಿ ಹೆಂಡತಿಯೊಂದಿಗೆ ಅದನ್ನೇ ಮಾತಾಡುತ್ತಿದ್ದಾನೆ; ಪದ್ಯದ ಮಾತು ಇಷ್ಟೇ, ಹೆಂಡತಿಯ ಹೆಸರೂ ಅಲ್ಲಿಲ್ಲ, ನಾವೇ ತುಂಬಿಕೊಳ್ಳಬೇಕು. ಹಾಸಿಗೆಯ ಮಾತು ಎಂಬರ್ಥದ ‘ನೆಮೊನೊಗತರಿ’ ಎಂಬ ಉದ್ದನೆಯ ಪದ ಎರಡನೆಯ ಪಾದದ ಕೊನೆಯಲ್ಲಿ ಮುರಿದು ಮೂರನೆಯ ಪಾದಕ್ಕೆ ಹರಿಯುತ್ತದೆ: ‘ಮಕೆಮಜಿಕಿ, ಸುಮೋ ಒ ನೆಮೊನೊ, ಗತರಿ ಕನ.’ ನಿದ್ದೆ ಬಾರದವನ ಮಾತು ಪಾದದ ಗಡಿಯಲ್ಲಿ ನಿಲ್ಲದೆ ಮುಂದುವರಿದಿದೆ. ಏಳನೆಯ ಮಾತ್ರೆ ಎಲ್ಲಿದೆ ಎಂದು ಎಣಿಸಿದವರಿಗೆ ಮಾತ್ರ ಆ ಮುರಿತ ಕೇಳಿಸುತ್ತದೆ.

ನಮ್ಮಲ್ಲಿ ಬರವಣಿಗೆ ಈ ಭೇದವನ್ನು ಯಾವಾಗಲೂ ಕಾಪಾಡಿಕೊಂಡು ಬಂದಿತ್ತು ಎಂದೂ ಅಲ್ಲ. ಹಳೆಯ ಶಾಸನಗಳ ಲಿಪಿಯಲ್ಲಿ ಎ ಮತ್ತು ಏ, ಒ ಮತ್ತು ಓ ಬೇರೆಬೇರೆಯಾಗಿ ಕಾಣುವುದಿಲ್ಲ. ಪದ್ಯವಾದರೆ ಓದುವವನು ಛಂದಸ್ಸಿನ ನಡೆಯಿಂದ ಯಾವುದು ಹ್ರಸ್ವ, ಯಾವುದು ದೀರ್ಘ ಎಂದು ತಿಳಿದುಕೊಳ್ಳಬೇಕಿತ್ತು. ಲಿಪಿ ಮರೆತದ್ದನ್ನು ಕಿವಿ ಉಳಿಸಿಕೊಂಡಿತ್ತು. ಈಗ ಲಿಪಿಯಲ್ಲಿ ಗುರುತು ಇದೆ.

ಹಳೆಯ ಕೊಳ

ರಸಪ್ರಶ್ನೆಯ ಆ ರಾತ್ರಿ ಮನೆಗೆ ಬಂದು ಒಂದು ಲೆಕ್ಕ ಹಾಕಿದೆ. ಭಾಮಿನಿ ಷಟ್ಪದಿಯ ಒಂದು ಪದ್ಯದಲ್ಲಿ ಹದಿನಾಲ್ಕು ಮಾತ್ರೆಯ ನಾಲ್ಕು ಸಾಲು, ಇಪ್ಪತ್ತಮೂರು ಮಾತ್ರೆಯ ಎರಡು ಸಾಲು, ಒಟ್ಟು 102 ಮಾತ್ರೆ. ಹೈಕುವಿಗೆ 17. ಭಾಗಿಸಿದರೆ ಶೇಷವಿಲ್ಲದೆ ಆರು. ಕುಮಾರವ್ಯಾಸ ಒಂದು ಪದ್ಯಕ್ಕೆ ಬಳಸಿದ ಜಾಗದಲ್ಲಿ ಬಶೋವಿನ ಆರು ಪದ್ಯಗಳು ಹಿಡಿಯುತ್ತವೆ. ಇದು ಕಾಕತಾಳೀಯವೆಂದು ಗೊತ್ತಿದ್ದರೂ ಆ ಸಂಖ್ಯೆಯನ್ನು ನೋಡುತ್ತ ಬಹಳ ಹೊತ್ತು ಕುಳಿತಿದ್ದೆ. ಕನ್ನಡದ ಹೈಕುಗಳು ಹದಿನೇಳು ಅಕ್ಷರಗಳಲ್ಲಿ ಇಷ್ಟು ಸಲೀಸಾಗಿ ಮಾತಾಡುವುದು ಏಕೆಂದು ಆಗ ಅರ್ಥವಾಯಿತು: ದೀರ್ಘಗಳೂ ಒತ್ತಕ್ಷರಗಳೂ ಸೇರಿದ ಹದಿನೇಳು ಅಕ್ಷರಗಳಲ್ಲಿ ಇಪ್ಪತ್ತೈದಕ್ಕೂ ಮೀರಿದ ಮಾತ್ರೆಗಳು ಅಡಗಿರುತ್ತವೆ. ಮೂಲದ ಬಿಗಿ ಅದರಲ್ಲಿಲ್ಲ.

ಹಾಗಾದರೆ ಮಾತ್ರೆಯಲ್ಲೇ ಒಮ್ಮೆ ಪ್ರಯತ್ನಿಸೋಣವೆಂದು 1686ರ ಕಪ್ಪೆಯ ಪದ್ಯವನ್ನು ಎತ್ತಿಕೊಂಡೆ. ‘ಫುರುಇಕೆ ಯ, ಕವಝು ತೊಬಿಕೊಮು, ಮಿಝು ನೊ ಒತೊ.’ ಕಪ್ಪೆಗೆ ಇಲ್ಲಿ ಕವಿ ಬಳಸಿದ್ದು ‘ಕವಝು’ ಎಂಬ ಕಾವ್ಯದ ಪದ. ಸುಮೋದ 82 ಪಟ್ಟುಗಳಲ್ಲಿ ಕಾಲಿಗೆ ಕಾಲು ತೊಡರಿಸಿ ಬೀಳಿಸುವ ‘ಕವಝುಗಕೆ’ ಒಂದು; ಅಲ್ಲಿನ ಕವಝು ಒಬ್ಬ ಯೋಧನ ಮನೆತನದ ಹೆಸರು, ಕಪ್ಪೆಯಲ್ಲ. ಈ ಎರಡು ಮಾತ್ರ ಕಿವಿಗೂ ಒಂದೇ ಆಗಿ ಕೇಳುತ್ತವೆ. ಹೈಕುವಿಗೂ ಸುಮೋಗೂ ಸೇರಿದ ಪದವನ್ನು ಮತ್ತೊಮ್ಮೆ ಕೇಳಬೇಕಾದರೆ ಇದನ್ನು ಕೇಳಬಹುದು.

‘ಹಳೆಯ ಕೊಳ’ ತಾನಾಗಿ ಬಂತು, ಐದೂ ಲಘು, ಐದು ಮಾತ್ರೆ. ಕೊಳವನ್ನು ಎಳೆದರೆ ಆರಾಗುತ್ತದೆ, ಮೇಷ್ಟ್ರ ಕೋಳವೂ ಆಗುತ್ತದೆ. ‘ಕಪ್ಪೆ ಧುಮುಕಿತು’, ಮೂರು ಮತ್ತು ನಾಲ್ಕು, ಏಳು. ಮೂರನೆಯ ಪಾದದಲ್ಲಿ ಸಿಕ್ಕಿಕೊಂಡೆ. ‘ನೀರ ದನಿ’ ಎಂದರೆ ಐದು ಸರಿಹೋಗುತ್ತದೆ. ಆದರೆ ದನಿ ಎಂದೊಡನೆ ನೀರು ಏನೋ ಹೇಳಲು ಹೊರಟಂತಾಗುತ್ತದೆ, ಬಶೋವಿನ ‘ಒತೊ’ ಬರಿಯ ಸದ್ದು. ‘ನೀರ ಸದ್ದು’ ಎಂದರೆ ಆರು. ಹಲವು ದಿನ ಆ ಒಂದು ಮಾತ್ರೆಯನ್ನು ಕಳೆಯಲು ಹೆಣಗಿದೆ. ಆಮೇಲೆ, ಬಾಳೆ ನೆಟ್ಟ ವರ್ಷ 1681ರಲ್ಲಿ ಅವನು ಬರೆದ ಬಿರುಗಾಳಿಯ ಪದ್ಯ ನೆನಪಾಯಿತು. ಹೊರಗೆ ಗಾಳಿಗೆ ಬಾಳೆ ಹೊಯ್ದಾಡುತ್ತಿದೆ, ಒಳಗೆ ಸೋರುವ ಮಳೆಹನಿ ತೊಟ್ಟಿಗೆ ಬೀಳುವುದನ್ನು ಕೇಳುತ್ತ ಅವನು ರಾತ್ರಿ ಕಳೆಯುತ್ತಿದ್ದಾನೆ. ‘ಬಶೋ ನೊವಕಿ ಶಿತೆ’ ಎಂಬ ಅದರ ಮೊದಲ ಪಾದವನ್ನು ಬೆರಳು ಮಡಚಿ ಎಣಿಸಿದೆ. ಐದಿರಬೇಕಾದಲ್ಲಿ ಎಂಟು. ತನ್ನ ಹೆಸರಿನ ಗಿಡಕ್ಕೆ ಬೇಕಾದಷ್ಟು ಜಾಗವನ್ನು ಅವನು ಕೊಟ್ಟಿದ್ದ.

ಹಳೆಯ ಕೊಳ
ಕಪ್ಪೆ ಧುಮುಕಿತು
ನೀರ ಸದ್ದು